ಒಂದು ಗಂಟೆಯ ದಾರಿ

ದೂರವನ್ನು ಅಳೆಯಲು ನಮ್ಮ ಹಿರಿಯರು ಹರದಾರಿ, ಗಾವುದಗಳನ್ನು ಇಟ್ಟುಕೊಂಡಿದ್ದರು. ಎತ್ತು ದಣಿಯುವುದನ್ನೂ ಕಾಲು ಸೋಲುವುದನ್ನೂ ಬಲ್ಲ ಅಳತೆಗಳು ಅವು. ಈಗ ನಾವು ದಾರಿಯನ್ನು ಗಡಿಯಾರದಿಂದ ಅಳೆಯುತ್ತೇವೆ. ಬೆಂಗಳೂರಿನಿಂದ ಮಂಗಳೂರು ರಸ್ತೆಯ ಮೇಲೆ ಸುಮಾರು 350 ಕಿಲೋಮೀಟರು, ಗಗನಮಾರ್ಗದಲ್ಲಿ ಸುಮಾರು 300. ವಿಮಾನಕ್ಕೆ ಒಂದು ಗಂಟೆಯ ಮಾತು. ಕಣ್ಣೂರು ಇನ್ನೂ ಸಮೀಪ. ಆದರೂ ಗಂಟೆ ಒಂದೇ. ಇಂಥ ಕಿರುಪಯಣದಲ್ಲಿ ಏರುವುದಕ್ಕೂ ಇಳಿಯುವುದಕ್ಕೂ ನೆಲದ ಮೇಲೆ ಸರದಿ ಕಾಯುವುದಕ್ಕೂ ಹೊತ್ತು ಹೋಗುತ್ತದೆಯಲ್ಲದೆ, ಹಾರುವುದಕ್ಕೆ ಅಷ್ಟಾಗಿ ಅಲ್ಲ.

ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. 2018ರ ಡಿಸೆಂಬರ್ 9ರಂದು ಗಡಿಯಾಚೆಯ ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದಾಗ, ಬೆಂಗಳೂರು ಸೇರಿದ ಕೊಡಗಿನ ಮಕ್ಕಳಿಗೆ ಊರು ಹತ್ತಿರವಾಯಿತೆಂದು ನಾನೂ ಸಂತೋಷಪಟ್ಟವನೇ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆ ಕಕ್ಕಬೆಯಲ್ಲಿದೆ. ಹುತ್ತರಿಯ ದಿನವನ್ನೂ ಮುಹೂರ್ತವನ್ನೂ ನಾಡಿಗೆಲ್ಲ ಗೊತ್ತುಮಾಡುವುದು ಆ ಊರಿನ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ. ಕಳೆದ ಹುತ್ತರಿಗೆ ನಾನು ಅವರ ಮನೆಯ ಅತಿಥಿಯಾಗಿದ್ದೆ. ಹುಡುಗ ಬೆಂಗಳೂರಿನಿಂದ ವಿಮಾನದಲ್ಲಿ ಬರುವವನಿದ್ದ. ರಾತ್ರಿ ಗದ್ದೆಯಲ್ಲಿ ಕೋವಿ ಹಾರಿತು, ಕದಿರು ತೆಗೆದದ್ದಾಯಿತು, ಮನೆಯ ಕಂಬಕ್ಕೆ ಕಟ್ಟಿದ್ದೂ ಆಯಿತು. ಹುಡುಗನ ಸುಳಿವಿಲ್ಲ. ನಾಡಿಗೆಲ್ಲ ಗಳಿಗೆಯನ್ನು ಹಂಚುವ ಊರಿನವನೇ ಆ ಗಳಿಗೆಗೆ ತಪ್ಪಿದ್ದ.

ಅವನ ಅಜ್ಜಿ ನನ್ನನ್ನು ಕೇಳಿದರು: “ಒಂದು ಗಂಟೆಯ ದಾರಿಯಂತಲ್ಲ, ಮಾಸ್ಟರೇ? ಎಲ್ಲಿದ್ದಾನೆ ಇವನು?”

ಉತ್ತರ ನನ್ನಲ್ಲಿರಲಿಲ್ಲ. “ಇಲ್ಲೇ ಕೂತರೆ ಏನೂ ಆಗದು, ಹೊರಡು” ಎಂದು ಅವನನ್ನು ಬೆಂಗಳೂರಿಗೆ ಹರಸಿ ಕಳಿಸಿದವನು ನಾನೇ.

ಬಹಳ ತಡವಾಗಿ ಬಂದು ಅವನು ಲೆಕ್ಕ ಒಪ್ಪಿಸಿದ. ಕೊಡಗಿಗೆ ಬೆನ್ನುಹಾಕಿ ದೇವನಹಳ್ಳಿಯತ್ತ ಎರಡು ಗಂಟೆ, ನಿಲ್ದಾಣದಲ್ಲಿ ಕಾದದ್ದು ಎರಡು ಗಂಟೆ, ಆಕಾಶದ್ದೊಂದು ಗಂಟೆ, ಆಮೇಲೆ ಇರಿಟ್ಟಿ, ಮಾಕುಟ್ಟದ ಘಾಟಿ, ವಿರಾಜಪೇಟೆ ಹಾದು ಮತ್ತೆ ಮೂರು ಗಂಟೆ. ಮಟ್ಟನ್ನೂರಿನಿಂದ ಕಕ್ಕಬೆಗೆ ನಕಾಶೆಯಲ್ಲಿ ಗೆರೆಯೆಳೆದರೆ 40 ಕಿಲೋಮೀಟರಿನಷ್ಟು. ಬೆಟ್ಟವನ್ನು ಬಳಸುವ ರಸ್ತೆಗೆ ಅದರ ಇಮ್ಮಡಿ. ಗಾಳಿಯಲ್ಲಿ ಒಂದು, ನೆಲದಲ್ಲಿ ಏಳು! ವಿರಾಜಪೇಟೆ ದಾಟುವಾಗ ದೂರದ ಕೋವಿಯ ಸದ್ದು ಅವನಿಗೂ ಕೇಳಿಸಿತಂತೆ.

ವಿಮಾನವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದು ಹೇಳಿದ ಒಂದು ಗಂಟೆ ಸುಳ್ಳಲ್ಲ. ಅದು ನಿಲ್ದಾಣದಿಂದ ನಿಲ್ದಾಣಕ್ಕೆ ಆಗುವ ಹೊತ್ತು. ನಾವು ಅದನ್ನು ಮನೆಯಿಂದ ಮನೆಗೆ ಎಂದು ಓದಿಕೊಳ್ಳುತ್ತೇವೆ. ಹತ್ತಿರವಿದೆಯಲ್ಲ, ಎಂದಾದರೂ ಹೋದರಾಯಿತೆಂದು ಹೊರಡುವುದನ್ನೇ ಮುಂದೂಡುತ್ತೇವೆ. ಗಾವುದ ಎಣಿಸುತ್ತಿದ್ದವರು ದಾರಿ ದೂರವೆಂದು ಬಲ್ಲವರಾದುದರಿಂದ ಬೇಗನೆ ಹೊರಡುತ್ತಿದ್ದರು.

ಅಜ್ಜಿ ಮುಚ್ಚಿಟ್ಟಿದ್ದ ಹೊಸಕ್ಕಿಯ ಪಾಯಸವನ್ನು ಅವನ ಮುಂದಿಟ್ಟರು.

“ಮುಂದಿನ ವರ್ಷ ಬಸ್ಸಿಗೇ ಬರುತ್ತೇನೆ, ತಾಯಿ,” ಎಂದ ಹುಡುಗ. ಕೊಡವರಲ್ಲಿ ಅಜ್ಜಿಯನ್ನು ಕರೆಯುವುದು ಹಾಗೆಯೇ.

“ಬಸ್ಸೋ ವಿಮಾನವೋ, ನನಗೇನು ಗೊತ್ತು? ಬೆಳಕಿರುವಾಗ ಬಾ,” ಎಂದರು ಅವರು.