ಘಟಪ್ರಭೆಯ ದಂಡೆಯಲ್ಲಿ ಮಸುಕಾದ ಚಿತ್ರಗಳು

ಆಗಸ್ಟ್ ತಿಂಗಳಲ್ಲಿ ಗೋಕಾಕ ಫಾಲ್ಸ್‌ಗೆ ಹೋದವರಿಗೆ ನೀರು ಕಾಣುವ ಮೊದಲೇ ಅದರ ಸದ್ದು ಕೇಳುತ್ತದೆ. ಸಹ್ಯಾದ್ರಿಯ ಮಳೆಯನ್ನೆಲ್ಲ ಹೊತ್ತ ಘಟಪ್ರಭೆ ಕೆಂಪಗೆ ಬಂದು, ಕುದುರೆಲಾಳದ ಆಕಾರದ ಬಂಡೆಯಂಚಿನಿಂದ 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಎದ್ದ ತುಂತುರು ದಂಡೆಯ ಮಹಾಲಿಂಗೇಶ್ವರ ಗುಡಿಯ ಕಲ್ಲನ್ನೂ ನೆನೆಸುತ್ತದೆ, ನಿಂತು ನೋಡುವವರ ಅಂಗಿಯನ್ನೂ. ಅದೇ ತುಂತುರು ಉದ್ದನೆಯ ಜೂಮ್ ಲೆನ್ಸಿನ ಮುಂದಿನ ಗಾಜಿನ ಮೇಲೆ ಸದ್ದಿಲ್ಲದೆ ಕೂರುತ್ತದೆ.

"ಫೋಟೋ ಎಲ್ಲಾ ಬ್ಲರ್ ಬರಾಕತ್ತಾವ್ರಿ ಅಣ್ಣಾ. ಲೆನ್ಸ್ ಹೋಗೇತಿ ಅನಸ್ತೈತಿ."

"ಗಾಜು ಒರಸಿ ನೋಡು ತಮ್ಮಾ. ಆಮ್ಯಾಲೆ ಸ್ಪೀಡ್ ಎಷ್ಟೈತಿ ನೋಡು."

ಇಂಥ ಮಾತು ಇಲ್ಲಿ ಮಳೆಗಾಲದುದ್ದಕ್ಕೂ ಕೇಳಿಸುತ್ತದೆ. ಮದುವೆ ಸೀಸನ್ನಿನ ದುಡಿಮೆ ಕೂಡಿಸಿ 70–300 ಲೆನ್ಸ್ ಕೊಂಡ ಹುಡುಗರು, ಮೊದಲ ವಾರದಲ್ಲೇ ಅದು ಕೆಟ್ಟಿದೆಯೆಂದು ಅರ್ಧ ಬೆಲೆಗೆ ಮಾರಲು ಹೊರಡುವುದು ನನಗೆ ನಿಜಕ್ಕೂ ಸಂಕಟದ ಸಂಗತಿ. ಕೆಟ್ಟ ಲೆನ್ಸುಗಳು ಇರುವುದು ಬಹಳ ಕಡಿಮೆ. ಮಸುಕಾದ ಚಿತ್ರವನ್ನು ಅಳಿಸುವ ಮೊದಲು ಹಿಗ್ಗಿಸಿ ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ.

ಫಾಲ್ಸ್‌ನ ಚಿತ್ರದಲ್ಲಿ ಬಂಡೆ, ಗುಡಿ, ಪಕ್ಕದ ಗಿರಣಿಯ ಗೋಡೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಅಲುಗಿದ್ದು ಕ್ಯಾಮೆರಾ. 300 ಮಿ.ಮೀ.ಗೆ ಎಳೆದ ಲೆನ್ಸು ದೂರದ್ದನ್ನು ಹಿಗ್ಗಿಸುವಷ್ಟೇ ಕೈಯ ನಡುಕವನ್ನೂ ಹಿಗ್ಗಿಸುತ್ತದೆ. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಅದು 450 ಮಿ.ಮೀ.ಗೆ ಸಮ. ಹಾಗಾಗಿ ಶಟರ್ ಸ್ಪೀಡ್ 1/500ಕ್ಕಿಂತ ಕೆಳಗಿಳಿಯಬಾರದು. ಮೋಡ ಕವಿದ ಮಧ್ಯಾಹ್ನ ಕ್ಯಾಮೆರಾ ತಾನಾಗಿ ಆರಿಸುವುದು 1/80, 1/100. ಐಎಸ್‌ಒ 1600ಕ್ಕೆ ಏರಿಸಿ, ಸ್ಪೀಡ್ ಕೈವಶ ಮಾಡಿಕೊಳ್ಳಬೇಕು. ಗ್ರೇನ್ ಬಂದರೆ ಬರಲಿ, ಅದನ್ನು ಆಮೇಲೆ ತಗ್ಗಿಸಬಹುದು. ಅಲುಗಿದ ಗೆರೆಯನ್ನು ನೇರ ಮಾಡುವುದು ಕಷ್ಟ. ಫಾಲ್ಸ್ ಬಳಿಯ ತೂಗುಸೇತುವೆಯ ಮೇಲೆ ಜನರನ್ನು ಬಿಟ್ಟ ಹೊತ್ತಿನಲ್ಲಿ ಟ್ರೈಪಾಡ್ ಕೂಡ ಕೈಕೊಡುತ್ತದೆ: ಯಾರೋ ಹತ್ತು ಮಾರು ಆಚೆ ಹೆಜ್ಜೆ ಇಟ್ಟರೆ ಇಲ್ಲಿ ಕಾಲು ನಡುಗುತ್ತದೆ. ದಂಡೆಯ ಬಂಡೆಯೇ ವಾಸಿ.

ನದಿಯ ಮೇಲ್ದಂಡೆಯ ಧೂಪದಾಳದಲ್ಲಿ ಚಳಿಗಾಲದ ಬೆಳಗು ಬೇರೆಯದೇ ಪಾಠ ಹೇಳುತ್ತದೆ. 1974ರಲ್ಲಿ ಪಕ್ಷಿಧಾಮವಾದ ಈ ಹಿನ್ನೀರಿನಲ್ಲಿ ನೀರುಕಾಗೆಗಳು ರೆಕ್ಕೆ ಹರವಿ ಒಣಗಿಸುತ್ತ ಕೂತಿರುತ್ತವೆ; ಕಪ್ಪು-ಬಿಳುಪಿನ ಮಿಂಚುಳ್ಳಿ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತಿರುತ್ತದೆ. ತೆಗೆದ ಚಿತ್ರದಲ್ಲಿ ಹಿಂದಿನ ಜೊಂಡಿನ ಎಲೆ ಚೊಕ್ಕ, ಹಕ್ಕಿ ಮಾತ್ರ ಮಸುಕು. ಇಲ್ಲಿ ಎರಡು ಸಾಧ್ಯತೆ. ರೆಕ್ಕೆ ಕಲಸಿ ಕಣ್ಣು ಸ್ಪಷ್ಟವಿದ್ದರೆ ಸ್ಪೀಡ್ ಸಾಲಲಿಲ್ಲ, 1/2000 ಬೇಕು. ಹಕ್ಕಿ ಪೂರ್ತಿ ಮೆತ್ತಗಾಗಿ ಜೊಂಡು ಹರಿತವಾಗಿದ್ದರೆ ಫೋಕಸ್ ಜೊಂಡಿಗೆ ಹೋಗಿದೆ. ಲೆನ್ಸಿನೊಳಗಿನ ಸ್ಟೆಬಿಲೈಸರ್ ಇದ್ಯಾವುದಕ್ಕೂ ಮದ್ದಲ್ಲ, ಅದು ತಡೆಯುವುದು ಕೈಯ ನಡುಕವನ್ನು ಮಾತ್ರ.

ಮೂಡಲಗಿ ಸೀಮೆಯ ಜಾತ್ರೆಗಳಲ್ಲಿ ಜೋಡೆತ್ತಿನ ಗಾಡಿ ಓಟ ನಡೆದಾಗ ಈ ಫೋಕಸ್ಸಿನ ಕಷ್ಟ ಹತ್ತುಪಟ್ಟಾಗುತ್ತದೆ. ಬದಿಯ ಹೊಲದಲ್ಲಿ ಕಬ್ಬು, ನಡುವೆ ಧೂಳು, ಸಿಳ್ಳೆ, ಕೊಂಬಿಗೆ ಕಟ್ಟಿದ ರಿಬ್ಬನ್ನು. ಹತ್ತು ಮೀಟರ್ ದೂರದಲ್ಲಿ, 300 ಮಿ.ಮೀ.ನಲ್ಲಿ, ಎಫ್/5.6ರಲ್ಲಿ ಸ್ಪಷ್ಟವಾಗಿ ಸಿಗುವ ಆಳ ಸುಮಾರು 25 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು. ಎತ್ತಿನ ಮೂತಿ ಸಿಕ್ಕರೆ ಕಣ್ಣು ಸಿಗದು. ಗಂಟೆಗೆ 36 ಕಿ.ಮೀ. ವೇಗ ಎಂದಿಟ್ಟುಕೊಂಡರೂ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎತ್ತು ಒಂದು ಮೀಟರ್ ಮುಂದೆ ಬಂದಿರುತ್ತದೆ. ಒಮ್ಮೆ ಹಿಡಿದು ನಿಲ್ಲುವ ಫೋಕಸ್ ಇಲ್ಲಿ ಸೋಲಲೇಬೇಕು. ಬೆನ್ನಟ್ಟುತ್ತಲೇ ಇರುವ ಕಂಟಿನ್ಯುಯಸ್ ಫೋಕಸ್ ಬೇಕು, ಅದೂ ಒಂದೇ ಪಾಯಿಂಟು ಎತ್ತಿನ ಮುಖದ ಮೇಲೆ. ಓಟದ ಹಾದಿಯಿಂದ ದೂರ ನಿಂತೇ ತೆಗೆಯಿರಿ. ಉದ್ದ ಲೆನ್ಸ್ ಇರುವುದೇ ಅದಕ್ಕೆ.

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ಕಥೆ ಇವೆಲ್ಲಕ್ಕಿಂತ ಕಠಿಣ. ಬೇಸಿಗೆಯಲ್ಲಿ ನೀರು ಇಳಿದಂತೆ ಹುನ್ನೂರಿನ ಮುಳುಗಿದ ವಿಠ್ಠಲ ದೇವಸ್ಥಾನ ಮೇಲೇಳುತ್ತದೆ. ದಡದಲ್ಲಿ ನಿಂತು ಎಳೆದು ತೆಗೆದವರ ಚಿತ್ರದಲ್ಲಿ ಕಂಬಗಳು ಸೊಟ್ಟ, ಅಂಚುಗಳು ಕರಗಿದವು. ಎಳೆದ ಗೆರೆ ಇಲ್ಲ, ಹಿಂದೆ ಮುಂದೆ ಎಲ್ಲೂ ಚೊಕ್ಕ ಭಾಗವೂ ಇಲ್ಲ. ಒಂದರ ಹಿಂದೊಂದು ತೆಗೆದ ಎರಡು ಚಿತ್ರಗಳಲ್ಲಿ ಸೊಟ್ಟವೂ ಬೇರೆ ಬೇರೆ. ಇದು ಬಿಸಿಲಿನ ಝಳ. ಕಾದ ನೆಲದಿಂದ ಏಳುವ ಬಿಸಿಗಾಳಿ, ಮೇಲಿನ ತಂಪು ಗಾಳಿ, ಎರಡರ ನಡುವೆ ಬೆಳಕು ಬಾಗುತ್ತ ಬರುತ್ತದೆ. ಟ್ರೈಪಾಡ್, ಶಟರ್ ಸ್ಪೀಡ್, ಲಕ್ಷ ರೂಪಾಯಿಯ ಲೆನ್ಸ್ ಯಾವುದೂ ಕೆಲಸಕ್ಕೆ ಬಾರದು. ಸೂರ್ಯ ಏರುವ ಮೊದಲೇ ಹೋಗಬೇಕು, ಇಲ್ಲವೇ ಹತ್ತಿರ ಸರಿಯಬೇಕು.

ಇಷ್ಟಾದ ಮೇಲೂ ಅನುಮಾನ ಉಳಿದರೆ ಮನೆಯ ಗೋಡೆಗೆ ಸುದ್ದಿಪತ್ರಿಕೆ ಅಂಟಿಸಿ. ಮುಂದೆ ಹಾಕಿದ ಅಗ್ಗದ ಫಿಲ್ಟರ್ ಬಿಚ್ಚಿ, ಟ್ರೈಪಾಡ್ ಮೇಲಿಟ್ಟು, ಸ್ಟೆಬಿಲೈಸರ್ ಆಫ್ ಮಾಡಿ, ಟೈಮರ್ ಹಚ್ಚಿ ತೆಗೆಯಿರಿ. ಎಫ್/8ರಲ್ಲಿ ಅಕ್ಷರ ಸ್ಪಷ್ಟವಾದರೆ ಲೆನ್ಸ್ ಆರೋಗ್ಯವಾಗಿದೆ. ಪೂರ್ತಿ ತೆರೆದಾಗ ತುಸು ಮೆತ್ತಗೆ ಬರುವುದು ಇಂಥ ಜೂಮ್‌ಗಳ ಸ್ವಭಾವ. ಡಿಎಸ್‌ಎಲ್‌ಆರ್ ಆದರೆ ಹಿಂದಿನ ಪರದೆ ನೋಡಿ ಒಂದು, ಕಣ್ಣುಗಿಂಡಿಯಿಂದ ಇನ್ನೊಂದು ತೆಗೆಯಿರಿ. ಮೊದಲನೆಯದು ಸರಿಬಂದು ಎರಡನೆಯದು ಪದೇ ಪದೇ ತಪ್ಪಿದರೆ ಆಟೋಫೋಕಸ್ಸನ್ನು ತುಸು ತಿದ್ದಬೇಕು. ಅನೇಕ ಕ್ಯಾಮೆರಾಗಳಲ್ಲಿ ಅದಕ್ಕೆ ಮೆನುವಿನಲ್ಲೇ ಜಾಗವಿದೆ. ಎರಡೂ ಸೋತರೆ ಮಾತ್ರ ರಿಪೇರಿಯವರ ಬಳಿ ಒಯ್ಯಿರಿ.