ಗಡಿನಾಡಿನ ಪಾಠಶಾಲೆಗಳಲ್ಲಿ ಗಣಕಯಂತ್ರವೂ ಕನ್ನಡ ಲಿಪಿಯೂ

ಬೆಳಗಾವಿಯ ಕಂದಾಯ ಜಿಲ್ಲೆಯು ವಿದ್ಯಾಡಳಿತದ ಸೌಕರ್ಯಕ್ಕಾಗಿ ಬೆಳಗಾವಿ, ಚಿಕ್ಕೋಡಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ವಿಭಾಗಗೊಂಡಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಎರಡನೆಯದಕ್ಕೆ ಸೇರಿದವು. ಇದು ಕೃಷ್ಣಾತೀರದ ಕಬ್ಬಿನ ನಾಡು. ಮಿರಜದ ರೈಲುದಾರಿಯ ಮೇಲಿರುವ ಶೇಡಬಾಳ ಮೊದಲಾದ ಊರುಗಳಲ್ಲಿ ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುತ್ತವೆ. ೧೯೫೬ನೆಯ ನವೆಂಬರ್ ೧ರಂದು ಈ ಸೀಮೆಯು ಮುಂಬಯಿ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಬಳಿಕವೂ ಎರಡು ಮಾಧ್ಯಮಗಳ ಶಾಲೆಗಳು ಇಲ್ಲಿ ಉಳಿದುಬಂದಿವೆ. ಇಂತಹ ಸೀಮೆಯ ಶಾಲೆಗೆ ಹೊಸ ಯಂತ್ರವೊಂದು ಬಂದಾಗ, ಅದು ಯಾವ ಲಿಪಿಯನ್ನು ಬಲ್ಲುದು ಎಂಬ ಪ್ರಶ್ನೆಯು ತಾನಾಗಿಯೇ ಏಳುತ್ತದೆ.

ಪೂರ್ವದಲ್ಲಿ ಬಂದ ಸಾಧನಗಳ ವಿಷಯದಲ್ಲಿ ಈ ಪ್ರಶ್ನೆಗೆ ಅವಕಾಶವಿರಲಿಲ್ಲ. ೧೯೫೦ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿಯು ಮೊದಲಾಯಿತು. ೧೯೭೫-೭೬ರಲ್ಲಿ ನಡೆದ ಉಪಗ್ರಹ ದೂರದರ್ಶನ ಪ್ರಯೋಗವು ನೆರೆಯ ವಿಜಾಪುರ ಜಿಲ್ಲೆಯ ಹಳ್ಳಿಗಳಿಗೂ ರಾಯಚೂರು, ಗುಲ್ಬರ್ಗಾ ಜಿಲ್ಲೆಗಳ ಹಳ್ಳಿಗಳಿಗೂ ಕನ್ನಡ ಪಾಠಗಳನ್ನು ಮುಟ್ಟಿಸಿತು. ೨೦೦೪ರಲ್ಲಿ ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹವು ಗಗನವನ್ನೇರಿತು. ಇವುಗಳಲ್ಲೆಲ್ಲ ಯಂತ್ರವು ನುಡಿಯುವುದು, ಮಗುವು ಕೇಳುವುದು, ಇಷ್ಟೇ ವ್ಯವಹಾರ. ೨೦೦೧ರ ಸುಮಾರಿಗೆ ಸರ್ಕಾರಿ ಪ್ರೌಢಶಾಲೆಗಳಿಗಾಗಿ 'ಮಾಹಿತಿ ಸಿಂಧು' ಯೋಜನೆಯು ಹೊರಟು, ತರುವಾಯ ಬೇರೆ ಯೋಜನೆಗಳೂ ಬಂದ ಮೇಲೆ ಸ್ಥಿತಿಯು ಬದಲಾಯಿತು. ಗಣಕದ ಮುಂದೆ ಮಗುವು ಕೇಳುವುದು ಮಾತ್ರವಲ್ಲ, ಬರೆಯಲೂ ಬೇಕು. ಬರೆಯಬೇಕಾದಲ್ಲಿ ಲಿಪಿಯು ಅನಿವಾರ್ಯ.

ರೋಮನ್ ಲಿಪಿಯಲ್ಲಿಯೇ ಕನ್ನಡವನ್ನು ಬರೆದರೆ ಬಾಧಕವೇನು ಎಂದು ಕೇಳುವವರುಂಟು. ಈ ಸೀಮೆಯ ಜೀವನಾಧಾರವಾದ ಕಬ್ಬಿನಿಂದಲೇ ಉತ್ತರವನ್ನು ಕೊಡಬಹುದು. 'ಕಬ್ಬಿನ ಬೆಳೆ' ಎಂಬುದೂ 'ಕಬ್ಬಿನ ಬೆಲೆ' ಎಂಬುದೂ ರೂಢಿಯ ರೋಮನ್ ಬರಹದಲ್ಲಿ ಒಂದೇ ಆಗಿಬಿಡುತ್ತವೆ. 'ಕೊಡು' ಎಂಬ ಕ್ರಿಯಾಪದಕ್ಕೂ 'ಕೋಡು' ಎಂಬ ನಾಮಪದಕ್ಕೂ ಭೇದವುಳಿಯುವುದಿಲ್ಲ. ದೊಡ್ಡಕ್ಷರ ಚಿಕ್ಕಕ್ಷರಗಳಿಂದ ಈ ಭೇದವನ್ನು ತೋರಿಸುವ ಉಪಾಯವಿದ್ದರೂ ನಿತ್ಯದ ಬಳಕೆಯಲ್ಲಿ ಅದನ್ನು ಪಾಲಿಸುವವರು ವಿರಳ. 'ಶೇಡಬಾಳ'ದ ಳಕಾರವೂ 'ನಿಪ್ಪಾಣಿ'ಯ ಣಕಾರವೂ ಅಲ್ಲಿ ಅಳಿದುಹೋಗುತ್ತವೆ. ಇವೆರಡೂ ಕನ್ನಡ ಮರಾಠಿಗಳಿಗೆ ಸಮಾನವಾದ ವರ್ಣಗಳು. ಆದುದರಿಂದ ನಷ್ಟವು ಎರಡು ಭಾಷೆಗಳ ಮಕ್ಕಳಿಗೂ ಸಮಾನವೇ.

ಕನ್ನಡ ಲಿಪಿಯು ಗಣಕದಲ್ಲಿ ಕಾಣಿಸಿಕೊಂಡರೆ ಸಾಲದು. ಅದು ಯಾವ ಕ್ರಮದಲ್ಲಿ ಅಡಗಿದೆ ಎಂಬುದನ್ನೂ ನೋಡಬೇಕು. ಗಣಕವು ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಹಿಂದಿನ ಕನ್ನಡ ತಂತ್ರಾಂಶಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡ ಅಕ್ಷರಗಳ ತುಣುಕುಗಳನ್ನು ಹೊದಿಸುವ ಪದ್ಧತಿಯಿತ್ತು. ಆ ಅಕ್ಷರಮಾದರಿಯಿಲ್ಲದ ಯಂತ್ರದಲ್ಲಿ ಅದೇ ಬರಹವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಗುರುತುಗಳು ತೋರುತ್ತವೆ. ಅದರಲ್ಲಿ ಒಂದು ಶಬ್ದವನ್ನು ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ದುಸ್ಸಾಧ್ಯ. ಶ್ರಮಪಟ್ಟು ಸಿದ್ಧಪಡಿಸಿದ ಪಾಠದ ಟಿಪ್ಪಣಿಗಳೂ ಪ್ರಶ್ನಪತ್ರಿಕೆಗಳೂ ಯಂತ್ರವು ಬದಲಾದೊಡನೆ ಓದಲಾರದಂತಾಗುವುದಕ್ಕೆ ಇದೇ ಕಾರಣ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಸ್ವಂತ ಪಂಕ್ತಿಯೊಂದು ದೊರೆಯಿತು. ಮರಾಠಿಯ ನಾಗರೀಲಿಪಿಗೂ ಅಷ್ಟೇ ಉದ್ದದ ಬೇರೊಂದು ಪಂಕ್ತಿಯುಂಟು. ಕನ್ನಡದ ಳಕಾರವೂ ನಾಗರಿಯ ಳಕಾರವೂ ತಂತಮ್ಮ ಪಂಕ್ತಿಗಳಲ್ಲಿ ಒಂದೇ ಕ್ರಮಾಂಕದ ಸ್ಥಾನದಲ್ಲಿವೆ. ಎರಡು ಲಿಪಿಗಳೂ ಒಂದನ್ನೊಂದು ಕೆಡಿಸದೆ ಒಂದೇ ಹಾಳೆಯಲ್ಲಿ ನೆಲಸಬಲ್ಲ ಈ ವ್ಯವಸ್ಥೆಯಿಂದ ಗಡಿನಾಡಿನ ಶಾಲೆಗಳಿಗಾಗುವ ಉಪಕಾರವು ವಿಶೇಷವಾದುದು.

ಕೀಲಿಮಣೆಯ ವಿಷಯವು ಸಾಹಿತ್ಯದ ಉಪಾಧ್ಯಾಯರಿಗೆ ಇನ್ನೂ ಸಮೀಪವಾದುದು. ಕೆ. ಪಿ. ರಾವ್ ಅವರು ರೂಪಿಸಿದ, 'ನುಡಿ' ತಂತ್ರಾಂಶದಲ್ಲಿ ರೂಢಿಯಾದ ವಿನ್ಯಾಸದಲ್ಲಿ ವ್ಯಂಜನದ ಕೀಲಿಯನ್ನೊತ್ತಿದರೆ ಅಕಾರಸಹಿತವಾದ ಅಕ್ಷರವು ಬರುತ್ತದೆ. ಅನಂತರ ಸ್ವರದ ಕೀಲಿಯನ್ನೊತ್ತಿದರೆ ಗುಣಿತಾಕ್ಷರವಾಗುತ್ತದೆ. ಒತ್ತಕ್ಷರಕ್ಕಾಗಿ ಎರಡು ವ್ಯಂಜನಗಳ ನಡುವೆ ಸ್ವರಲೋಪವನ್ನು ಸೂಚಿಸುವ ಕೀಲಿಯೊಂದನ್ನು ಒತ್ತಬೇಕು. 'ಕನ್ನಡ' ಎಂದು ಬರೆಯಲು ಕ, ನ, ಸ್ವರಲೋಪ, ನ, ಡ ಎಂದು ಐದು ಸಲ ಒತ್ತಿದರಾಯಿತು. ಯೂನಿಕೋಡಿನಲ್ಲಿ ಆ ಶಬ್ದವು ಅಡಗಿರುವುದೂ ಇದೇ ಐದು ಘಟಕಗಳಾಗಿಯೇ. ಸ್ವರವ್ಯಂಜನಗಳ ವಿವೇಚನೆಯು ೧೩ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿಯೂ ಆದಿಯಲ್ಲಿಯೇ ಬರುತ್ತದೆಂಬುದು ವಿದ್ವಾಂಸರಿಗೆ ತಿಳಿದ ಸಂಗತಿ. ಕೀಲಿಮಣೆಯನ್ನು ಕಲಿಸುವವನು ವ್ಯಾಕರಣದ ಮೊದಲ ಪಾಠವನ್ನೇ ಕಲಿಸುತ್ತಾನೆ. ಸಂಯುಕ್ತಾಕ್ಷರದಲ್ಲಿ ಮೊದಲ ವ್ಯಂಜನವು ಸ್ವರವನ್ನು ಕಳೆದುಕೊಳ್ಳುತ್ತದೆಂಬ ತತ್ತ್ವವು ಮಗುವಿನ ಬೆರಳಿಗೇ ತಿಳಿಯುತ್ತದೆ. ಹೀಗಿರಲು ಗಣಕವನ್ನು ಗಣಿತ ವಿಜ್ಞಾನಗಳ ಉಪಾಧ್ಯಾಯರಿಗೆ ಮಾತ್ರ ಬಿಟ್ಟುಕೊಡುವುದು ಭಾಷೆಯನ್ನು ಬೋಧಿಸುವವರಿಗೆ ತಕ್ಕುದಲ್ಲ.

ಯಂತ್ರವೊಂದರಿಂದಲೇ ವಿದ್ಯೆಯು ನಡೆಯದೆಂಬುದನ್ನು ೨೦೨೦ನೆಯ ವರ್ಷವು ತೋರಿಸಿಕೊಟ್ಟಿತು. ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಪ್ರಸಾರವಾದುವು. ಫೋನು ದೂರದರ್ಶನಗಳಿಲ್ಲದ ಮನೆಯ ಮಕ್ಕಳು ಇವುಗಳಿಂದ ದೂರವೇ ಉಳಿಯಬೇಕಾಗುತ್ತಿತ್ತು. ಆಗ 'ವಿದ್ಯಾಗಮ'ದ ಮೂಲಕ ಉಪಾಧ್ಯಾಯರು ಮಕ್ಕಳಿದ್ದ ವಠಾರಗಳಿಗೇ ಹೋಗಿ ಬಯಲಿನಲ್ಲಿ ಪಾಠ ಹೇಳಿದರು. ಸಾಧನವು ಸೋತೆಡೆಯಲ್ಲಿ ಗುರುವು ನಡೆದು ಹೋದನು.

ಇದುವರೆಗೆ ನಮ್ಮ ಶಾಲೆಗಳಿಗೆ ಯಂತ್ರವು ಮೊದಲು ಬಂದಿತು, ಲಿಪಿಯು ಬಳಿಕ ಬಂದಿತು, ಉಪಾಧ್ಯಾಯರ ಶಿಕ್ಷಣವು ಎಲ್ಲಕ್ಕೂ ಕಡೆಯಲ್ಲಿ ಬಂದಿತು. ಈ ಕ್ರಮವು ತಿರುವುಮುರುವಾಗಬೇಕಾದುದು ಆವಶ್ಯಕ. ಕೋಣೆಯಲ್ಲಿ ಎಷ್ಟು ಗಣಕಗಳಿವೆಯೆಂಬ ಲೆಕ್ಕವು ಆಧುನಿಕತೆಯ ಅಳತೆಗೋಲಾಗದು. ಶೇಡಬಾಳದ ಮಗುವೊಂದು ತನ್ನ ಊರಿನ ಹೆಸರನ್ನು ಳಕಾರಸಹಿತವಾಗಿ ತಾನೇ ಬರೆದು, ಬರೆದುದನ್ನು ಉಳಿಸಿ, ಹತ್ತು ವರ್ಷಗಳ ಮೇಲೆ ಬೇರೆ ಯಂತ್ರದಲ್ಲಿಯೂ ಅದನ್ನು ಹುಡುಕಿ ಓದಬಲ್ಲುದಾದರೆ ಆ ಶಾಲೆಯು ನವೀನವಾಯಿತೆಂದು ಹೇಳಬಹುದು. ಹಳೆಯ ಪದ್ಧತಿಯಲ್ಲಿ ಅಡಗಿರುವ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸಿ ಮೂಲದೊಡನೆ ತಾಳೆನೋಡುವ ಕೆಲಸವು ಇನ್ನೂ ಬಹಳವಾಗಿ ಉಳಿದಿದೆ. ತಾಳೆಗರಿಯ ಪ್ರತಿಗಳನ್ನು ತಿದ್ದಿ ಪಾಠಶುದ್ಧಿ ಮಾಡಿದ ವಿದ್ವತ್ಪರಂಪರೆಗೆ ಈ ಕಾರ್ಯವು ಅಪರಿಚಿತವಲ್ಲ.