ನಾಣ್ಯಗಳ ತರತಮ

ಒಂದೇ ವರ್ಷದಲ್ಲಿ, ಒಂದೇ ಟಂಕಸಾಲೆಯಲ್ಲಿ, ಒಂದೇ ಜೋಡಿ ಅಚ್ಚುಗಳ ನಡುವೆ ಸಿಕ್ಕಿ ರೂಪುಪಡೆದ ಎರಡು ಬೆಳ್ಳಿ ರೂಪಾಯಿಗಳು ಹುಟ್ಟಿದ ಗಳಿಗೆಯಲ್ಲಿ ಒಂದಕ್ಕೊಂದು ಅಭಿನ್ನವಾಗಿದ್ದರೂ, ಅವುಗಳಲ್ಲೊಂದು ಸಂತೆಯಿಂದ ಸಂತೆಗೆ, ಚಿನಿವಾರನ ಗಲ್ಲಾಪೆಟ್ಟಿಗೆಯಿಂದ ರೈತನ ಸೊಂಟದ ಚೀಲಕ್ಕೆ, ಅಲ್ಲಿಂದ ಪಟೇಲರ ಮುಂದೆ ಕಂದಾಯವಾಗಿ, ಹೀಗೆ ಸಹಸ್ರಾರು ಕೈಗಳನ್ನು ದಾಟಿ ಸವೆಯುತ್ತದೆ. ಮತ್ತೊಂದು ಯಾರದೋ ಮನೆಯ ಪೆಟ್ಟಿಗೆಯ ತಳದಲ್ಲಿ, ಬಟ್ಟೆಯ ಗಂಟಿನೊಳಗೆ, ಬೆಳಕನ್ನೇ ಕಾಣದೆ ಎರಡು ಮೂರು ತಲೆಮಾರುಗಳನ್ನು ಕಳೆಯುತ್ತದೆ. ಇಂದು ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವರಿಗೆ ತೂಕದಲ್ಲಿ ಅತ್ಯಲ್ಪವೂ ನೋಟದಲ್ಲಿ ಅಗಾಧವೂ ಆದ ಅಂತರ ಕಾಣುತ್ತದೆ. ಸಂಗ್ರಾಹಕರಲ್ಲಿ ಒಂದಕ್ಕೆ ಬೆಳ್ಳಿಯ ಬೆಲೆಗಿಂತ ಸ್ವಲ್ಪವೇ ಹೆಚ್ಚು ದೊರೆತರೆ ಇನ್ನೊಂದಕ್ಕೆ ಅದರ ಹಲವು ಪಟ್ಟು ದೊರೆಯುವುದುಂಟು. ಈ ಅಂತರವನ್ನು ಅಳೆದು ಅದಕ್ಕೊಂದು ಹೆಸರಿಡುವ ವಿದ್ಯೆಯನ್ನು ನಾಣ್ಯದ ಸ್ಥಿತಿನಿರ್ಣಯವೆನ್ನಬಹುದು. ಸಂಗ್ರಾಹಕರ ವಾಡಿಕೆಯ ಮಾತಿನಲ್ಲಿ ಅದು ಗ್ರೇಡಿಂಗ್.

ಹೊಸಬರು ಇದನ್ನು ಅಂದಚಂದದ ಪರೀಕ್ಷೆಯೆಂದೇ ಭಾವಿಸುತ್ತಾರೆ. ಹೊಳೆಯುವುದು ಮೇಲು, ಕಪ್ಪಾದುದು ಕೀಳು ಎಂಬ ಆ ಭಾವನೆಯಿಂದ ಹಳೆಯ ನಾಣ್ಯಗಳಿಗೆ ಆಗಿರುವಷ್ಟು ಕೇಡು ಶತಮಾನಗಳ ಚಲಾವಣೆಯಿಂದಲೂ ಆಗಿಲ್ಲವೆಂದು ನನಗೆ ತೋರುತ್ತದೆ. ನಾಣ್ಯವೊಂದರ ಬಾಳಿನಲ್ಲಿ ಏನೇನು ನಡೆಯಿತೆಂಬುದನ್ನು ಅದರ ಮೈಯಿಂದಲೇ ಓದಿ ತಿಳಿಯುವುದು ಈ ವಿದ್ಯೆಯ ತಿರುಳು. ಟಂಕಸಾಲೆಯಲ್ಲಿ ಆದದ್ದು ಯಾವುದು, ಚಲಾವಣೆಯಲ್ಲಿ ಆದದ್ದು ಯಾವುದು, ಚಲಾವಣೆ ಮುಗಿದಮೇಲೆ ಮನೆಯಲ್ಲಿ ಅಕ್ಕರೆಯಿಂದಲೋ ಅಜ್ಞಾನದಿಂದಲೋ ಆದದ್ದು ಯಾವುದು ಎಂದು ಬಿಡಿಸಿ ನೋಡಬಲ್ಲ ಕಣ್ಣಿಗೆ ದರ್ಜೆಯ ಹೆಸರು ತಾನಾಗಿಯೇ ಹೊಳೆಯುತ್ತದೆ. ಆ ಕಣ್ಣಿಲ್ಲದೆ ಹೆಸರುಗಳನ್ನು ಬಾಯಿಪಾಠ ಮಾಡಿದವರಿಗೆ ಅವು ಬರಿಯ ಅಕ್ಷರಗಳು.

ನಾಣ್ಯಪರೀಕ್ಷೆ ನಮ್ಮ ನಾಡಿಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯಗಳನ್ನು ಟಂಕಿಸುವ ಲಕ್ಷಣಾಧ್ಯಕ್ಷನಲ್ಲದೆ, ಅವುಗಳ ಸಾಚಾತನವನ್ನು ಪರೀಕ್ಷಿಸುವ ರೂಪದರ್ಶಕನೆಂಬ ಅಧಿಕಾರಿಯೂ ಬರುತ್ತಾನೆ. ಬ್ರಿಟಿಷರ ಆಳ್ವಿಕೆಯಲ್ಲಿಯೂ ಸವೆತಕ್ಕೊಂದು ಶಾಸನಬದ್ಧವಾದ ಎಲ್ಲೆಯಿತ್ತು: 1906ರ ನಾಣ್ಯಶಾಸನದ ಪ್ರಕಾರ, ನಿಯತವಾದ ತೂಕದಲ್ಲಿ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು ಸವೆದ ರೂಪಾಯಿಯನ್ನು ಸಲ್ಲುವ ಹಣವೆಂದು ಸ್ವೀಕರಿಸಬೇಕಾದ ನಿರ್ಬಂಧ ಯಾರಿಗೂ ಇರಲಿಲ್ಲ. ರೂಪಾಯಿಯ ತೂಕ 180 ಗ್ರೇನ್, ಎಂದರೆ ಸುಮಾರು 11.66 ಗ್ರಾಂ, ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಆ ಲೆಕ್ಕದಲ್ಲಿ ಕಾಲು ಗ್ರಾಮಿನಷ್ಟು ಲೋಹ ಜನರ ಬೆರಳುಗಳಿಗೆ ಹತ್ತಿ ಹೋಗುವಷ್ಟರಲ್ಲಿ ನಾಣ್ಯದ ಮೇಲಿನ ದೊರೆಯ ಮುಖ ಮಾಸತೊಡಗಿರುತ್ತಿತ್ತು. ಸರ್ಕಾರ ನೋಡುತ್ತಿದ್ದುದು ತೂಕವನ್ನು. ಸಂಗ್ರಾಹಕರು ನೋಡುವುದು ಆ ತೂಕ ಎಲ್ಲಿಂದ ಹೋಯಿತೆಂಬುದನ್ನು.

ಅದನ್ನು ನೋಡುವ ಕ್ರಮ ಹೀಗೆ. ಮೇಜಿನ ಮೇಲೆ ಮೆತ್ತನೆಯ ಬಟ್ಟೆಯನ್ನು ಹಾಸಿ, ಒಂದೇ ಒಂದು ದೀಪವನ್ನು ಒಂದು ಪಕ್ಕಕ್ಕಿಟ್ಟು, ನಾಣ್ಯವನ್ನು ಅಂಚಿನಲ್ಲಿ ಮಾತ್ರ ಎರಡು ಬೆರಳುಗಳಿಂದ ಹಿಡಿಯಬೇಕು. ಮುಖದ ಮೇಲೆ ಬೆರಳು ತಾಗಿದರೆ ಬೆವರಿನ ಉಪ್ಪೂ ಆಮ್ಲವೂ ಅಲ್ಲಿಯೇ ಉಳಿದು, ಕೆಲವು ತಿಂಗಳ ಮೇಲೆ ಬೆರಳಿನ ಗುರುತು ಅಳಿಸಲಾರದ ಕಲೆಯಾಗಿ ಏಳುತ್ತದೆ. ಮೊದಲು ಬರಿಗಣ್ಣಿನಿಂದ ಇಡಿಯಾಗಿ ನೋಡಿ, ಆಮೇಲೆ ಐದರಿಂದ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಯನ್ನು ಹಿಡಿಯಬೇಕು. ಮೊದಲಿಗೇ ಭೂತಗನ್ನಡಿಯನ್ನು ಹಿಡಿದವರು ಗೀರುಗಳನ್ನು ಎಣಿಸುತ್ತ ಕುಳಿತು ನಾಣ್ಯವನ್ನು ಕಾಣುವುದನ್ನೇ ಮರೆಯುತ್ತಾರೆ.

ಸವೆತ ಎಲ್ಲೆಡೆಯೂ ಒಂದೇ ಸಮನಾಗಿ ನಡೆಯುವುದಿಲ್ಲ. ಅಚ್ಚಿನಲ್ಲಿ ಅತ್ಯಂತ ಉಬ್ಬಾಗಿ ಮೂಡಿದ ಭಾಗಗಳೇ ಮೊದಲ ಆಹುತಿ. ವಿಕ್ಟೋರಿಯ ರಾಣಿಯ ರೂಪಾಯಿಯಲ್ಲಿ ಕೆನ್ನೆ, ಅದರ ಬಳಿಯ ಕೂದಲಿನ ಎಳೆಗಳು, ಕುಪ್ಪಸದ ಕಸೂತಿ. ಐದನೆಯ ಜಾರ್ಜ್ ದೊರೆಯ ರೂಪಾಯಿಯಲ್ಲಿ ಹುಬ್ಬು, ಮೀಸೆ, ಕಿವಿಯ ಮೇಲಂಚು, ಕಿರೀಟದ ಮುತ್ತುಗಳು, ನಿಲುವಂಗಿಯ ಮೇಲಿನ ಅಲಂಕಾರ. ಈ ನಿಲುವಂಗಿಗೊಂದು ಕಥೆಯಿದೆ. 1911ರಲ್ಲಿ ಆ ದೊರೆಯ ಹೆಸರಿನ ಮೊದಲ ರೂಪಾಯಿ ಹೊರಟಾಗ, ಆತನ ಎದೆಯ ಮೇಲಿನ ಬಿರುದಿನ ಸರದಲ್ಲಿ ಕಾಣಿಸಿದ ಪುಟ್ಟ ಆನೆಯ ಸೊಂಡಿಲು ಮೋಟಾಗಿ ಮೂಡಿ, ಅದು ಹಂದಿಯಂತೆ ತೋರುತ್ತದೆಂಬ ಆಕ್ಷೇಪಣೆ, ವಿಶೇಷವಾಗಿ ಮುಸಲ್ಮಾನರಿಂದ, ಬಲವಾಗಿ ಎದ್ದಿತು. ಆಡಳಿತಕ್ಕೆ ಆ ನಾಣ್ಯಗಳನ್ನು ಹಿಂದಕ್ಕೆ ತೆಗೆದುಕೊಂಡು ಬಹುಪಾಲನ್ನು ಕರಗಿಸದೆ ಗತ್ಯಂತರವಿಲ್ಲವಾಯಿತು. 1912ರಿಂದ ಆನೆಗೆ ಉದ್ದವಾದ ಸೊಂಡಿಲು ಬಂದಿತು. ಕರಗದೆ ಉಳಿದ 1911ರ ರೂಪಾಯಿಗಳನ್ನು ಸಂಗ್ರಾಹಕರು ಇಂದಿಗೂ ಹಂದಿ ರೂಪಾಯಿಯೆಂದೇ ಕರೆಯುತ್ತಾರೆ.

ದೀಪದ ಕೆಳಗೆ ಅಂಥದೊಂದು ನಾಣ್ಯವನ್ನು ಓರೆಮಾಡಿ ನೋಡಿದರೆ ದರ್ಜೆಗಳ ಸೋಪಾನವೆಲ್ಲ ಆ ಒಂದು ಪ್ರಾಣಿಯ ಮೈಯಲ್ಲಿ ಕಾಣಸಿಗುತ್ತದೆ. ಕಿವಿ, ಕಾಲು, ಸೊಂಡಿಲುಗಳು ಬೇರೆಬೇರೆಯಾಗಿ ತೋರಿ, ಸುತ್ತಲಿನ ಬಯಲಿನಲ್ಲಿ ಟಂಕಸಾಲೆಯ ಹೊಳಪು ಮುರಿಯದೆ ಇದ್ದರೆ ಅದು ಚಲಾವಣೆಗೇ ಬಾರದ ಅನ್‌ಸರ್ಕ್ಯುಲೇಟೆಡ್ ದರ್ಜೆ. ಅವಯವಗಳೆಲ್ಲ ಇದ್ದು, ಅತ್ಯುನ್ನತ ಬಿಂದುಗಳಲ್ಲಿ ಮಾತ್ರ ಹೊಳಪು ಮಂಕಾಗಿದ್ದರೆ ಎಕ್ಸ್‌ಟ್ರೀಮ್ಲಿ ಫೈನ್. ಪ್ರಾಣಿಯ ಆಕಾರ ಸ್ಪಷ್ಟವಾಗಿದ್ದೂ ಒಳಗಿನ ಗೆರೆಗಳು ಅರ್ಧದಷ್ಟು ಮಾಸಿದ್ದರೆ ವೆರಿ ಫೈನ್. ಬಾಹ್ಯರೇಖೆಯಷ್ಟೇ ಉಳಿದಿದ್ದರೆ ಫೈನ್. ಅದಕ್ಕೂ ಕೆಳಗೆ ಇಳಿದರೆ ಆನೆಯೂ ಇಲ್ಲ, ಹಂದಿಯೂ ಇಲ್ಲ. ಒಂದು ಉಬ್ಬು ಮಾತ್ರ. ಆದರೂ ಹಿಂಬದಿಯ 1911 ಎಂಬ ಅಂಕಿ ಓದಲು ಬರುವ ತನಕ ಅದರ ವಿರಳತೆಗೆ ಕುಂದಿಲ್ಲ; ಹಾಗೆ ಸವೆದ ಒಂದು ರೂಪಾಯಿ, ಆಮೇಲಿನ ವರ್ಷಗಳಲ್ಲಿ ಕೋಟಿಗಟ್ಟಲೆ ಹೊರಟ ರೂಪಾಯಿಗಳ ಪೈಕಿ ಥಳಥಳಿಸುವ ಒಂದಕ್ಕಿಂತ ಹೆಚ್ಚು ಬೆಲೆ ಬಾಳುವುದುಂಟು. ದರ್ಜೆ ಬೇರೆ, ವಿರಳತೆ ಬೇರೆ. ಬೆಲೆ ಇವೆರಡರ ಕೂಡಿಕೆಯಿಂದ ಹುಟ್ಟುತ್ತದೆ.

ಟಂಕಸಾಲೆಯ ಹೊಳಪೆಂದೆನಲ್ಲ, ಅದನ್ನು ಇಲ್ಲಿಯೇ ವಿವರಿಸಬೇಕು. ಅಚ್ಚಿನ ಅಪಾರವಾದ ಒತ್ತಡಕ್ಕೆ ಸಿಕ್ಕಿದ ಲೋಹ ಮಧ್ಯದಿಂದ ಅಂಚಿನತ್ತ ಹರಿಯುತ್ತದೆ. ಆ ಹರಿವು ನಾಣ್ಯದ ಮೈಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೇಖೆಗಳನ್ನು ಬಿಟ್ಟುಹೋಗುತ್ತದೆ. ದೀಪದ ಕೆಳಗೆ ನಾಣ್ಯವನ್ನು ಮೆಲ್ಲಗೆ ಹೊರಳಿಸಿದಾಗ ಬೆಳಕಿನ ಪಟ್ಟೆಗಳು ಗಾಡಿಯ ಚಕ್ರದ ಅರೆಕಾಲುಗಳಂತೆ ಸುತ್ತುವುದು ಈ ರೇಖೆಗಳ ದೆಸೆಯಿಂದ. ಅವು ಒಮ್ಮೆ ಅಳಿದರೆ ಯಾವ ಕುಶಲಿಯೂ ಮತ್ತೆ ತರಲಾರನು. ತಿಕ್ಕಿ ತಂದ ಹೊಳಪು ಎಲ್ಲ ಕಡೆಯೂ ಒಂದೇ ತೆರನಾಗಿ ಮಿನುಗುತ್ತದೆಯೇ ಹೊರತು ಬೆಳಕಿನೊಡನೆ ಸುತ್ತುವುದಿಲ್ಲ.

ಇದೇ ಹೊಳಪು ಇನ್ನೊಂದು ತೊಡಕನ್ನೂ ಬಿಡಿಸಿಕೊಡುತ್ತದೆ. ಅಚ್ಚಿನ ಒತ್ತಡ ಸಾಲದೆ ಬಂದಾಗ ಅತ್ಯಂತ ಉಬ್ಬಾಗಬೇಕಾದ ಭಾಗ ಹುಟ್ಟುವಾಗಲೇ ಮಸುಕಾಗಿ ಹುಟ್ಟುತ್ತದೆ. ಅವಸರದ ಪರೀಕ್ಷಕರು ಅದನ್ನು ಸವೆತವೆಂದು ತಿಳಿದು ನಾಣ್ಯವನ್ನು ಎರಡು ಮೆಟ್ಟಲು ಕೆಳಗಿಳಿಸುತ್ತಾರೆ. ಮಸುಕಾದ ಭಾಗದಲ್ಲಿಯೂ ಹೊಳಪಿನ ರೇಖೆಗಳು ಉಳಿದಿದ್ದರೆ ಅದು ಹುಟ್ಟಿನ ಕೊರತೆ. ಆ ಭಾಗ ನುಣುಪಾಗಿ ಬಣ್ಣಗೆಟ್ಟು, ಸುತ್ತಣ ಬಯಲು ಮಾತ್ರ ಹೊಳೆಯುತ್ತಿದ್ದರೆ ಬಾಳಿನ ಸವೆತ.

ಕೈಯಿಂದ ಟಂಕಿಸಿದ ನಮ್ಮ ನಾಡಿನ ಹಳೆಯ ನಾಣ್ಯಗಳಲ್ಲಿ ಈ ವಿವೇಕ ಇನ್ನೂ ಹೆಚ್ಚಾಗಿ ಬೇಕು. ವಿಜಯನಗರದ ವರಾಹ ಸುಮಾರು 3.4 ಗ್ರಾಂ ತೂಗುವ ಪುಟ್ಟ ಚಿನ್ನದ ಬಿಲ್ಲೆ. ಕೃಷ್ಣದೇವರಾಯನ ನಾಣ್ಯಗಳ ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ಶ್ರೀ ಪ್ರತಾಪ ಕೃಷ್ಣರಾಯ ಎಂಬ ಒಕ್ಕಣೆ ಮೂರು ಸಾಲುಗಳಲ್ಲಿರುತ್ತದೆ. ಅಚ್ಚು ಬಿಲ್ಲೆಗಿಂತ ಅಗಲವಾಗಿದ್ದುದರಿಂದಲೋ, ಸುತ್ತಿಗೆಯ ಪೆಟ್ಟು ಓರೆಯಾಗಿ ಬಿದ್ದುದರಿಂದಲೋ, ಅಕ್ಷರಗಳಲ್ಲಿ ಕೆಲವು ಬಿಲ್ಲೆಯಿಂದ ಹೊರಗೇ ಉಳಿದಿರುವುದು ಸಾಮಾನ್ಯ. ಟಿಪ್ಪುವಿನ ತಾಮ್ರದ ನಾಣ್ಯಗಳಲ್ಲಿಯೂ ಹಾಗೆಯೇ: ಆನೆ ಪೂರ್ತಿಯಾಗಿ ಬಿದ್ದಿದ್ದರೆ ಹಿಂಬದಿಯಲ್ಲಿ ಟಂಕಸಾಲೆಯ ಹೆಸರು ಅರ್ಧ ತಪ್ಪಿಹೋಗಿರುತ್ತದೆ. ಮೈಸೂರಿನ ಕಂಠೀರವ ನರಸರಾಜ ಒಡೆಯರು 17ನೆಯ ಶತಮಾನದಲ್ಲಿ ಹೊರಡಿಸಿದ ಚಿನ್ನದ ಹಣವಂತೂ ಕಿರುಬೆರಳ ಉಗುರಿಗಿಂತ ಕಿರಿದು. ಅದರ ಮೇಲಿನ ನರಸಿಂಹನ ಮೂರ್ತಿಯನ್ನು ಭೂತಗನ್ನಡಿಯಿಲ್ಲದೆ ಗುರುತಿಸುವುದೇ ಕಷ್ಟ. ಇಂಥವುಗಳಿಗೆ ಯಂತ್ರದ ನಾಣ್ಯದ ಅಳತೆಗೋಲನ್ನು ಹಿಡಿಯುವುದು ಅನ್ಯಾಯ. ಬಿಲ್ಲೆಯ ಆಕಾರ, ಅಚ್ಚು ಬಿದ್ದ ಬಗೆ, ಸವೆತ, ಈ ಮೂರನ್ನೂ ಬೇರೆಬೇರೆಯಾಗಿಯೇ ಹೇಳಬೇಕು.

ಇನ್ನು ಮನೆಯಲ್ಲಿ ಆಗುವ ಹಾನಿಯ ಮಾತು. ಹುಣಿಸೆಹಣ್ಣು, ನಿಂಬೆಯ ಹುಳಿ, ವಿಭೂತಿ, ಪಾತ್ರೆ ತಿಕ್ಕುವ ಪುಡಿ, ಇವುಗಳಲ್ಲಿ ಯಾವುದೂ ನಾಣ್ಯಕ್ಕೆ ಹಿತವಲ್ಲ. ಆಮ್ಲ ಲೋಹದ ಮೇಲ್ಪದರವನ್ನು ತಿನ್ನುತ್ತದೆ. ಪುಡಿ ಕೂದಲಿನಷ್ಟು ಸಣ್ಣ ಗೀರುಗಳನ್ನು ಒಂದೇ ದಿಕ್ಕಿನಲ್ಲಿ ಎಳೆಯುತ್ತದೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅಂಶದೊಡನೆ ಕೂಡಿ. ಆ ಪದರ ತೆಳುವಾಗಿ, ನಿಧಾನವಾಗಿ ಕೂತಾಗ ನಸುಗೆಂಪು, ನೀಲಿ, ಹೊಂಬಣ್ಣಗಳ ಛಾಯೆ ತಾಳುವುದುಂಟು, ಬಲ್ಲವರು ಅದನ್ನು ಕಳಂಕವೆಂದು ಎಣಿಸದೆ ಮೆಚ್ಚುತ್ತಾರೆ. ತಾಮ್ರದ ಮೇಲಿನ ಗಟ್ಟಿಯಾದ ಕಂದು ಪದರವೂ ರಕ್ಷಣೆಯೇ. ಆದರೆ ಪುಡಿಪುಡಿಯಾಗಿ ಉದುರುವ ತಿಳಿಹಸುರಿನ ಕಿಲುಬನ್ನು ಮಾತ್ರ ಅಲಕ್ಷಿಸಬಾರದು. ಅದು ಕ್ಲೋರೈಡ್ ಲವಣವೂ ತೇವವೂ ಸೇರಿ ತಂದ ರೋಗ, ಬಿಟ್ಟರೆ ನಾಣ್ಯವನ್ನು ಕೊರೆಯುತ್ತಲೇ ಹೋಗುತ್ತದೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನ ಚೀಲಗಳಲ್ಲಿ ವರ್ಷಗಟ್ಟಲೆ ಇಟ್ಟ ನಾಣ್ಯಗಳ ಮೇಲೆ ಅಂಟಂಟಾದ ಹಸುರು ಲೇಪ ಏಳುವುದೂ ಉಂಟು.

ನಮ್ಮಲ್ಲಿ ಹೆಚ್ಚಾಗಿ ಕಾಣುವ ಗಾಯವೆಂದರೆ ಆಭರಣದ ಗಾಯ. ರೂಪಾಯಿಗೆ ಕೊಂಡಿ ಬೆಸೆದು ಸರಕ್ಕೆ ಪೋಣಿಸುವುದು ಹಿಂದೆ ಬಹಳ ಮನೆಗಳಲ್ಲಿದ್ದ ರೂಢಿ; ಲಂಬಾಣಿ ಹೆಣ್ಣುಮಕ್ಕಳ ಒಡವೆಗಳಲ್ಲಿ ನಾಣ್ಯಗಳಿಗೆ ಇಂದಿಗೂ ಸ್ಥಾನವಿದೆ. ಕೊಂಡಿಯನ್ನು ಕಿತ್ತು ಅರದಿಂದ ಉಜ್ಜಿ ಮಾರಲು ತಂದಾಗ ದೊರೆಯ ಕಿರೀಟದ ನೇರಕ್ಕೆ ಅಂಚಿನ ಹಲ್ಲುಗಳು ಅಳಿಸಿಹೋಗಿ, ಬೆಸುಗೆಯ ಬೂದುಬಣ್ಣ ಉಳಿದಿರುತ್ತದೆ. ನಾಣ್ಯವನ್ನು ಮುಖ ನೋಡಿದಷ್ಟೇ ಶ್ರದ್ಧೆಯಿಂದ ಅಂಚಿನಲ್ಲಿಯೂ ಸುತ್ತಿ ನೋಡಬೇಕೆನ್ನುವುದು ಇದಕ್ಕಾಗಿಯೇ. ಎರಕ ಹೊಯ್ದ ಖೋಟಾ ನಾಣ್ಯದ ಅಂಚಿನ ಸುತ್ತಲೂ ಕಾಣುವ ಜೋಡಣೆಯ ಗೆರೆ ಸಿಕ್ಕಿಬೀಳುವುದೂ ಅಲ್ಲಿಯೇ. ಆದರೆ ಸರ ಇಡಿಯಾಗಿ ಉಳಿದಿದ್ದರೆ, ನಾಣ್ಯಗಳಿಗಾಗಿ ಅದನ್ನು ಬಿಚ್ಚಲೇಬಾರದೆಂದು ನನ್ನ ದೃಢವಾದ ಅಭಿಪ್ರಾಯ. ಒಬ್ಬ ಅಕ್ಕಸಾಲಿಯ ಕೆಲಸವೂ ಒಂದು ಮನೆತನದ ಬಾಳೂ ಅದರಲ್ಲಿ ಸೇರಿವೆ.

ಈ ಎಲ್ಲ ವಿವರಗಳನ್ನೂ ಒಂದೇ ಅಂಕಿಗೆ ಇಳಿಸುವ ಪದ್ಧತಿ ಅಮೆರಿಕದಿಂದ ಬಂದುದು. ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞನು 1949ರಲ್ಲಿ ಅಲ್ಲಿನ ಹಳೆಯ ತಾಮ್ರದ ದೊಡ್ಡ ಸೆಂಟ್ ನಾಣ್ಯಗಳ ಬಗ್ಗೆ ಗ್ರಂಥವೊಂದನ್ನು ಪ್ರಕಟಿಸಿ, ಗುರುತು ಹಿಡಿಯಲು ಮಾತ್ರ ಬರುವಷ್ಟು ಸವೆದ ನಾಣ್ಯಕ್ಕೆ 1, ಪರಿಪೂರ್ಣವಾದುದಕ್ಕೆ 70 ಎಂಬ ಮಾನವನ್ನು ಸೂಚಿಸಿದನು. ಆ ಕಾಲದ ಪೇಟೆಯ ಧಾರಣೆಯಲ್ಲಿ ಮೊದಲನೆಯದಕ್ಕೆ ಒಂದು ಡಾಲರ್ ಆದರೆ ಎರಡನೆಯದಕ್ಕೆ ಎಪ್ಪತ್ತು ಡಾಲರ್ ಎಂಬುದೇ ಆ ಅಂಕಿಗಳ ಮೂಲ. ಧಾರಣೆ ಬೇಗನೆ ಬದಲಾಯಿತು, ಅಂಕಿಗಳು ಮಾತ್ರ ಉಳಿದು ಲೋಕದ ನಾಣ್ಯಗಳಿಗೆಲ್ಲ ಅನ್ವಯವಾದುವು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಸಂಸ್ಥೆಗಳು ಕೆಲಸ ಆರಂಭಿಸಿ, ಶುಲ್ಕ ಪಡೆದು ನಾಣ್ಯವನ್ನು ಪರೀಕ್ಷಿಸಿ, ಅಂಕಿಯೊಡನೆ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆಮಾಡಿ ಕೊಡತೊಡಗಿದುವು. 60 ಮತ್ತು ಅದಕ್ಕೂ ಮೇಲಿನ ಅಂಕಿಗಳೆಲ್ಲ ಚಲಾವಣೆಗೆ ಬಾರದವುಗಳಿಗೇ ಮೀಸಲು. ಶೆಲ್ಡನ್ ತೀರಿಕೊಂಡ ಮೇಲೆ ವ್ಯಸನಕರವಾದ ಸಂಗತಿಯೊಂದು ಬಯಲಿಗೆ ಬಂದಿತು: ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಆತ ಉತ್ತಮ ದರ್ಜೆಯ ಸೆಂಟ್‌ಗಳನ್ನು ತೆಗೆದುಕೊಂಡು, ಅವುಗಳ ಜಾಗದಲ್ಲಿ ಕೆಳದರ್ಜೆಯ ತನ್ನ ನಾಣ್ಯಗಳನ್ನು ಇಟ್ಟಿದ್ದನು. ಹಳೆಯ ಛಾಯಾಚಿತ್ರಗಳೊಡನೆ ನಾಣ್ಯಗಳ ಗೀರುಗಳನ್ನು, ಕಲೆಗಳನ್ನು ತಾಳೆನೋಡಿದವರಿಂದಲೇ ಅದು ಪತ್ತೆಯಾಯಿತು. ಅಂಕಿಗಳಿಂದ ಆಗದ ಕೆಲಸವನ್ನು ಪ್ರತ್ಯೇಕ ನಾಣ್ಯದ ಪ್ರತ್ಯೇಕ ಲಕ್ಷಣಗಳು ಮಾಡಿಕೊಟ್ಟುವು.

ಅಂಕಿಯಿಂದ ಪ್ರಯೋಜನವಿಲ್ಲವೆಂದಲ್ಲ; ದೂರದೂರಿನಿಂದ ಕೊಳ್ಳುವವರಿಗೆ ಅದೊಂದು ಭರವಸೆ. ಆದರೆ 63ಕ್ಕೂ 64ಕ್ಕೂ ನಡುವಿನ ಭೇದದ ವಿಷಯದಲ್ಲಿ ನುರಿತ ಇಬ್ಬರು ಪರೀಕ್ಷಕರೂ ಒಮ್ಮತಕ್ಕೆ ಬಾರದಿರಬಹುದು. ಆದುದರಿಂದ ಮನೆಯ ಪೆಟ್ಟಿಗೆಯಲ್ಲಿ ಹತ್ತಿಪ್ಪತ್ತು ಹಳೆಯ ನಾಣ್ಯಗಳಿರುವವರು ಮಾಡಬೇಕಾದ ಮೊದಲ ಕೆಲಸ ಪ್ರತಿಯೊಂದಕ್ಕೂ ಒಂದು ಚೀಟಿ ಬರೆಯುವುದು: 1862ರ ರೂಪಾಯಿ, ವಿಕ್ಟೋರಿಯ ರಾಣಿ, ತೂಕ 11.5 ಗ್ರಾಂ, ಕೆನ್ನೆ, ಕೂದಲು ಸವೆದಿವೆ, ಕುಪ್ಪಸದ ಕಸೂತಿ ಅರ್ಧ ಉಳಿದಿದೆ, ಹಿಂಬದಿಯಲ್ಲಿ ಅರಿಸಿನದ ಕಲೆ, ತೊಳೆದಿಲ್ಲ, ಕಿರೀಟದ ನೇರಕ್ಕೆ ಅಂಚಿನಲ್ಲಿ ಬೆಸುಗೆಯ ಗುರುತು. ಇಷ್ಟನ್ನು ಮಸಿಯಲ್ಲಿ ಬರೆದು, ದರ್ಜೆಯನ್ನು ಮಾತ್ರ ಪೆನ್ಸಿಲಿನಲ್ಲಿ ನಮೂದಿಸಿ, ನಿರ್ಣಯಿಸಿದವರ ಹೆಸರನ್ನೂ ತಾರೀಖನ್ನೂ ಪಕ್ಕದಲ್ಲಿ ಕಾಣಿಸಬೇಕು.